ಅಮೆರಿಕನ್ ಫುಟ್‌ಬಾಲ್ ಆಡುವ ಹೆಂಗಸರಿಗೆ ಎಷ್ಟು ಸಂಬಳ?

ಪ್ರಶ್ನೆ: ಅಮೆರಿಕದಲ್ಲಿ ಹೆಂಗಸರೂ ಹೆಲ್ಮೆಟ್ ಹಾಕಿಕೊಂಡು, ಗುದ್ದಿ ಬೀಳಿಸುವ ಫುಟ್‌ಬಾಲ್ ಆಡುತ್ತಾರಂತೆ, ಲೀಗ್‌ಗಳೂ ಇವೆಯಂತೆ. ಅವರಿಗೆ ಸಂಬಳ ಎಷ್ಟು ಸಿಗುತ್ತದೆ?

ಸಂಬಳವಾ? ಹೆಚ್ಚಿನವರು ಆಡೋಕೆ ತಾವೇ ದುಡ್ಡು ಕಟ್ಟುತ್ತಾರೆ. ಒಂದು ಸೀಸನ್‌ಗೆ ನೂರಾರು ಡಾಲರ್ ಶುಲ್ಕ. ಅದರ ಮೇಲೆ ಹೆಲ್ಮೆಟ್, ಭುಜದ ಪ್ಯಾಡ್, ಶೂ ಎಲ್ಲಾ ಬಹಳ ಕಡೆ ಸ್ವಂತ ಖರ್ಚು. ಮೈದಾನದ ಬಾಡಿಗೆ, ಅಂಪೈರ್, ವಿಮೆ, ಬೇರೆ ಊರಿಗೆ ಹೋಗುವ ಬಸ್ಸು, ಇವಕ್ಕೆಲ್ಲ ಆ ಶುಲ್ಕವೇ ಆಧಾರ. ಹಗಲು ಕೆಲಸ, ಸಂಜೆ ಪ್ರಾಕ್ಟೀಸ್, ಶನಿವಾರ ಮ್ಯಾಚು.

ಜೆನ್ ವೆಲ್ಟರ್ ಹೆಸರು ನೀವು ಕೇಳಿರಬಹುದು. 2015ರಲ್ಲಿ ಅರಿಜೋನಾ ಕಾರ್ಡಿನಲ್ಸ್ ಕ್ಯಾಂಪಿನಲ್ಲಿ ಎನ್‌ಎಫ್‌ಎಲ್ (ಗಂಡಸರ ದೊಡ್ಡ ವೃತ್ತಿಪರ ಲೀಗ್) ತಂಡವೊಂದರ ಮೊದಲ ಮಹಿಳಾ ಕೋಚ್ ಆದವರು. ಅದಕ್ಕೂ ಮುಂಚೆ ವರ್ಷಗಟ್ಟಲೆ ಡಲ್ಲಾಸ್ ಡೈಮಂಡ್ಸ್ ಎಂಬ ಹೆಂಗಸರ ತಂಡದಲ್ಲಿ ಆಡಿದ್ದರು. ಒಂದು ಸೀಸನ್ ಪೂರ್ತಿ ಆಡಿದ್ದಕ್ಕೆ ಕೈಗೆ ಬಂದ ಚೆಕ್ 12 ಡಾಲರ್ ಎಂದು ಅವರೇ ಹೇಳಿಕೊಂಡಿದ್ದಾರೆ. ಪಂದ್ಯಕ್ಕೊಂದು ಡಾಲರ್ ಲೆಕ್ಕ!

ಹಾಗಾದರೆ ದುಡ್ಡೇ ಇಲ್ಲದೆ ಲೀಗ್‌ಗಳು ಬೆಳೆದದ್ದು ಹೇಗೆ ಅಂತ ನೀವು ಕೇಳಬಹುದು. ನನ್ನ ಪ್ರಕಾರ ಉಳಿದುಕೊಂಡದ್ದೇ ಹಾಗೆ. ಯಾಕೆಂದರೆ ಇದರಲ್ಲಿ ಕಾಸು ಮಾಡಲು ಬಂದವರೆಲ್ಲ ಮುಳುಗಿದರು. 1960ರ ದಶಕದಲ್ಲಿ ಸಿಡ್ ಫ್ರೀಡ್‌ಮನ್ ಎಂಬ ಕ್ಲೀವ್‌ಲ್ಯಾಂಡಿನ ಏಜೆಂಟ್ ಒಬ್ಬ ಹೆಂಗಸರ ತಂಡ ಕಟ್ಟಿದ. ಊರೂರು ಸುತ್ತಿಸಿ ತಮಾಷೆ ತೋರಿಸಿ ದುಡ್ಡು ಮಾಡುವುದು ಅವನ ಲೆಕ್ಕ. ಬಂದ ಹುಡುಗಿಯರು ಮಾತ್ರ ಆಟವನ್ನು ಗಂಭೀರವಾಗಿ ತೆಗೆದುಕೊಂಡರು. 1974ರಲ್ಲಿ ಏಳು ತಂಡಗಳ ನ್ಯಾಷನಲ್ ವಿಮೆನ್ಸ್ ಫುಟ್‌ಬಾಲ್ ಲೀಗ್ ಶುರುವಾಯಿತು. ಅದರಲ್ಲಿ ಓಹಾಯೋದ ಟೊಲೆಡೊ ಟ್ರೂಪರ್ಸ್ ತಂಡವನ್ನು ಸೋಲಿಸುವುದೇ ಕಷ್ಟವಾಗಿತ್ತು. ಅವರ ಓಟಗಾರ್ತಿ ಲಿಂಡಾ ಜೆಫರ್ಸನ್ ಅಂದರೆ ಎದುರಾಳಿಗಳಿಗೆ ನಡುಕ. ಆದರೂ ಟಿವಿ ಬರಲಿಲ್ಲ, ಪ್ರಾಯೋಜಕರು ನಿಲ್ಲಲಿಲ್ಲ, 80ರ ದಶಕ ಮುಗಿಯುವ ಹೊತ್ತಿಗೆ ಆ ಲೀಗ್ ಕಣ್ಮುಚ್ಚಿತು.

1999ರಲ್ಲಿ ಮಿನೆಸೋಟಾ ವಿಕ್ಸನ್ಸ್ ಮತ್ತು ಲೇಕ್ ಮಿಷಿಗನ್ ಮಿಂಕ್ಸ್ ಎಂಬ ಎರಡು ತಂಡಗಳು ಊರೂರಿಗೆ ಹೋಗಿ ಪ್ರದರ್ಶನ ಪಂದ್ಯ ಆಡಿದ ಮೇಲೆ ಮತ್ತೆ ಜೀವ ಬಂತು, ಒಂದರ ಹಿಂದೆ ಒಂದು ಲೀಗ್ ಹುಟ್ಟಿದವು, ಒಡೆದವು, ಮುಚ್ಚಿದವು. 2009ರಲ್ಲಿ ಬಂದ ವಿಮೆನ್ಸ್ ಫುಟ್‌ಬಾಲ್ ಅಲಯನ್ಸ್ ಇವತ್ತಿಗೂ ಇದೆ, ಹತ್ತಾರು ತಂಡಗಳಿವೆ. 2019ರಿಂದ ವಿಮೆನ್ಸ್ ನ್ಯಾಷನಲ್ ಫುಟ್‌ಬಾಲ್ ಕಾನ್ಫರೆನ್ಸ್ ಎಂಬ ಇನ್ನೊಂದು ಲೀಗ್ ನಡೆಯುತ್ತಿದೆ. ಅದನ್ನು ಕಟ್ಟಿದ ಒಡೆಸ್ಸಾ ಜೆಂಕಿನ್ಸ್ ತಾವೇ ಆಟಗಾರ್ತಿಯಾಗಿದ್ದವರು. ಆಟಗಾರ್ತಿಯರಿಗೆ ಸರಿಯಾದ ಸಂಬಳ ಕೊಡುವ ದಿನ ಬರಬೇಕು ಎಂಬುದು ಅವರ ಹಟ. ಅಡಿಡಾಸ್‌ನಂಥ ಕಂಪನಿ ಅವರ ಜೊತೆ ಕೈಜೋಡಿಸಿತು.

ಒಂದು ಮಾತು. 2009ರಲ್ಲೇ ಲಾಂಜರಿ ಫುಟ್‌ಬಾಲ್ ಲೀಗ್ ಅಂತ ಬೇರೊಂದು ಬಂದಿತ್ತು, ಒಳಉಡುಪಿನಂಥ ಬಟ್ಟೆಯಲ್ಲಿ ಆಡಿಸುವುದು. ಅದನ್ನೂ ಇದನ್ನೂ ದಯವಿಟ್ಟು ಒಂದೇ ತಕ್ಕಡಿಗೆ ಹಾಕಬೇಡಿ. ಇಲ್ಲಿ ಪೂರ್ತಿ ಮೈದಾನ, ಹನ್ನೊಂದು ಜನ, ಪೂರ್ತಿ ಪ್ಯಾಡು. ಡಿಕ್ಕಿಯೂ ಪೂರ್ತಿ.

ನನಗೆ ಜಾಸ್ತಿ ಬೆರಗು ಹುಟ್ಟಿಸುವುದು ಬೇರೆ ವಿಷಯ. ಗಂಡುಹುಡುಗರು ಏಳೆಂಟು ವರ್ಷಕ್ಕೇ ಈ ಆಟಕ್ಕೆ ಬೀಳುತ್ತಾರೆ, ಶಾಲೆಯಲ್ಲಿ ತಂಡ ಇರುತ್ತದೆ, ಕಾಲೇಜಿನಲ್ಲಿ ಇರುತ್ತದೆ. ಹುಡುಗಿಯರಿಗೆ ಅಂಥ ದಾರಿ ಹೆಚ್ಚುಕಡಿಮೆ ಇಲ್ಲ. ಹುಡುಗಿಯರದ್ದೇ ಒಂದು ಟ್ಯಾಕಲ್ (ಹಿಡಿದು ಬೀಳಿಸುವ ಆಟದ) ಲೀಗ್ ಯೂಟಾದಲ್ಲಿ ಶುರುವಾದದ್ದೇ 2015ರಲ್ಲಿ. ಹೀಗಾಗಿ ರಗ್ಬಿ, ಬಾಸ್ಕೆಟ್‌ಬಾಲ್, ಸಾಕರ್ ಆಡಿ ಬಂದ ಎಷ್ಟೋ ಹೆಂಗಸರು ಇಪ್ಪತ್ತು ದಾಟಿದ ಮೇಲೆ, ಕೆಲವರು ಮೂವತ್ತರಲ್ಲಿ, ತಲೆ ಎಲ್ಲಿಡಬೇಕು, ಎದುರಿನವಳ ಸೊಂಟ ಹೇಗೆ ಹಿಡಿಯಬೇಕು ಎಂಬುದನ್ನು ಮೊದಲಿನಿಂದ ಕಲಿಯುತ್ತಾರೆ. ಹೈಸ್ಕೂಲಲ್ಲಿ ಒಮ್ಮೆಯೂ ಕಬಡ್ಡಿ ಆಡದವಳು ಕೆಲಸಕ್ಕೆ ಸೇರಿದ ಮೇಲೆ ರೇಡ್ ಕಲಿಯಲು ಹೊರಟ ಹಾಗೆ!

ಎನ್‌ಎಫ್‌ಎಲ್ ದುಡ್ಡು ಕೊಡಲ್ವಾ ಅಂದರೆ, ಅದರ ಒಲವು ಫ್ಲಾಗ್ ಫುಟ್‌ಬಾಲ್ ಕಡೆ. ಸೊಂಟದಲ್ಲಿ ಸಿಕ್ಕಿಸಿದ ಪಟ್ಟಿ ಕಿತ್ತರೆ ಸಾಕು, ಬೀಳಿಸುವಂತಿಲ್ಲ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೂ ಅದು ಸೇರಿದೆ. ಟ್ಯಾಕಲ್ ಆಡುವವರಿಗೆ ಸಿಗುವುದು ಆಗೊಮ್ಮೆ ಈಗೊಮ್ಮೆ ಒಂದು ಕೈ. ವಿಮೆನ್ಸ್ ಫುಟ್‌ಬಾಲ್ ಅಲಯನ್ಸ್‌ನ 2021ರ ಫೈನಲ್‌ಗೆ ಓಹಾಯೋದ ಕ್ಯಾಂಟನ್‌ಗೆ ಹೋಗಲು ಬಾಸ್ಟನ್ ರೆನಿಗೇಡ್ಸ್ ತಂಡಕ್ಕೆ ಎನ್‌ಎಫ್‌ಎಲ್ ತಂಡ ಪೇಟ್ರಿಯಟ್ಸ್‌ನವರು ತಮ್ಮ ವಿಮಾನ ಕೊಟ್ಟರು. ಅವತ್ತು ರೆನಿಗೇಡ್ಸ್ 42-26ರಿಂದ ಗೆದ್ದರು. ಸೋತದ್ದು ಮಿನೆಸೋಟಾ ವಿಕ್ಸನ್, ಹೌದು, 1999ರಲ್ಲಿ ಊರೂರು ಸುತ್ತಿದ್ದ ಅದೇ ತಂಡ.