ಪದ ಪರಿಚಯ: ಎನ್‌ಕೌಂಟರ್

2019ರ ಡಿಸೆಂಬರ್ 6. ದಾವಣಗೆರೆಯ ಜಯದೇವ ಸರ್ಕಲ್ ಹತ್ತಿರದ ಹೋಟೆಲಿನಲ್ಲಿ ತಿಂಡಿಗೆ ಕೂತಿದ್ದೆ. ಟಿವಿಯಲ್ಲಿ ಹೈದರಾಬಾದಿನ ಸುದ್ದಿ. ಪಶುವೈದ್ಯೆಯ ಅತ್ಯಾಚಾರ, ಕೊಲೆ ಪ್ರಕರಣದ ನಾಲ್ವರು ಆರೋಪಿಗಳು ಎನ್‌ಕೌಂಟರ್‌ನಲ್ಲಿ ಸತ್ತಿದ್ದರು. ದೋಸೆ ಹಾಕುತ್ತಿದ್ದವರು ಸಟ್ಟುಗ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. "ಹಿಂಗಾಗ್ಬೇಕು ನೋಡ್ರಿ" ಅಂದರು ಪಕ್ಕದವರು. ನಾನೂ ತಲೆಯಾಡಿಸಿದೆ.

ಎನ್‌ಕೌಂಟರ್ ಅಂದರೆ ಇಂಗ್ಲಿಷಿನಲ್ಲಿ ಎದುರಾಗುವುದು, ಮುಖಾಮುಖಿ. ನಾವು ಅದಕ್ಕೆ 'ಮಾಡು' ಸೇರಿಸಿದ್ದೇವೆ. "ಅಂಥವರನ್ನ ಎನ್‌ಕೌಂಟರ್ ಮಾಡ್ಬೇಕು" ಅನ್ನುತ್ತೇವೆ, ಅಲ್ವಾ? ಎದುರಾಗಲು ಇಬ್ಬರು ಬೇಕು. ಮಾಡಲು ಒಬ್ಬರು ಸಾಕು.

ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಈ ಪದವೇ ಇಲ್ಲ. ಇರುವುದು ಆತ್ಮರಕ್ಷಣೆಯ ಹಕ್ಕು. ಅದು ನಿಮಗೂ ನನಗೂ ಪೊಲೀಸರಿಗೂ ಒಂದೇ. ಅಪಾಯ ತಡೆಯಲು ಎಷ್ಟು ಬೇಕೋ ಅಷ್ಟೇ ಬಲ, ಅದಕ್ಕಿಂತ ಜಾಸ್ತಿ ಇಲ್ಲ.

ನಮ್ಮ ಪೇಪರುಗಳಲ್ಲಿ ಒಂದು ಸುದ್ದಿ ಆಗಾಗ ಬರುತ್ತದೆ. ಸ್ಥಳ ಮಹಜರಿಗೆ ಕರೆದೊಯ್ದಾಗ ಆರೋಪಿ ಹಲ್ಲೆಗೆ ಯತ್ನಿಸಿದ, ಆತ್ಮರಕ್ಷಣೆಗೆ ಗುಂಡು ಹಾರಿಸಲಾಯಿತು. ನಿಜಕ್ಕೂ ಹಾಗೇ ಆಗಿರಬಹುದು. ಲಾಂಗು ಹಿಡಿದು ಬಂದವನ ಎದುರು ನಿಂತ ಪೇದೆಗೂ ಮನೆಯಲ್ಲಿ ಕಾಯುವವರಿದ್ದಾರೆ. ಆದರೆ ಆ ಹೊತ್ತಿನಲ್ಲಿ ಅಲ್ಲಿದ್ದವರು ಯಾರು? ಗುಂಡು ಹೊಡೆದವರು, ಗುಂಡು ತಿಂದವನು. ಅವನು ಸತ್ತರೆ ಉಳಿಯುವುದು ಒಬ್ಬರ ಮಾತು ಮಾತ್ರ.

ಅದಕ್ಕೇ 2014ರಲ್ಲಿ ಸುಪ್ರೀಂ ಕೋರ್ಟು ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ್ದ ಪ್ರಕರಣದಲ್ಲಿ 16 ಸೂಚನೆ ಕೊಟ್ಟಿತು. ಎಫ್‌ಐಆರ್ ಆಗಬೇಕು. ತನಿಖೆಯನ್ನು ಸಿಐಡಿ ಇಲ್ಲವೇ ಬೇರೆ ಠಾಣೆಯವರು ಮಾಡಬೇಕು. ಮರಣೋತ್ತರ ಪರೀಕ್ಷೆಯನ್ನು ಜಿಲ್ಲಾಸ್ಪತ್ರೆಯಲ್ಲಿ ಇಬ್ಬರು ವೈದ್ಯರು ಮಾಡಬೇಕು, ನಮ್ಮಲ್ಲಾದರೆ ಅದು ಚಿಗಟೇರಿ ಆಸ್ಪತ್ರೆ. ಅದರ ವಿಡಿಯೊ ಇರಬೇಕು. ಮ್ಯಾಜಿಸ್ಟ್ರೇಟ್ ವಿಚಾರಣೆ ಬಿಡುವಂತಿಲ್ಲ. ಗುಂಡು ಹಾರಿಸಿದವರು ಬಂದೂಕನ್ನು ಪರೀಕ್ಷೆಗೆ ಒಪ್ಪಿಸಬೇಕು. ಶೌರ್ಯ ಅನುಮಾನವಿಲ್ಲದೆ ಸಾಬೀತಾಗುವ ತನಕ ಪದಕವೂ ಇಲ್ಲ, ತರಾತುರಿಯ ಬಡ್ತಿಯೂ ಇಲ್ಲ. ನನಗೆ ಬಹಳ ಹಿಡಿಸಿದ್ದು ಈ ಕೊನೆಯದು. ಸುಮ್ನೆ ಹಾರ ಹಾಕುವ ನಮ್ಮ ಕೈಯನ್ನೂ ಅದು ತಡೆಯುತ್ತದೆ. ಆರೋಪಿ ಸಾಯದೆ ತೀವ್ರವಾಗಿ ಗಾಯಗೊಂಡರೂ ಈ ಸೂಚನೆಗಳನ್ನು ಆದಷ್ಟು ಪಾಲಿಸಬೇಕು ಅಂತಲೂ ಕೋರ್ಟು ಹೇಳಿದೆ. 'ಕಾಲಿಗೆ ಗುಂಡು' ಅನ್ನುವ ಹೆಡ್ಡಿಂಗ್ ಓದುವಾಗ ಇದು ನೆನಪಿರಲಿ.

ಇಷ್ಟೆಲ್ಲ ಯಾಕೆ, ಪೊಲೀಸರನ್ನು ನಂಬಬಾರದಾ ಅಂತ ಗೆಳೆಯರು ಕೇಳುತ್ತಾರೆ. ಸರಿಯಾಗಿ ನಡೆದುಕೊಂಡ ಪೊಲೀಸರಿಗೂ ಈ ದಾಖಲೆಗಳೇ ಆಸರೆ.

ಹೈದರಾಬಾದ್ ಘಟನೆ ಬಗ್ಗೆ ಸುಪ್ರೀಂ ಕೋರ್ಟು ನೇಮಿಸಿದ ಸಿರ್ಪೂರ್ಕರ್ ಆಯೋಗದ ವರದಿ 2022ರ ಮೇನಲ್ಲಿ ಹೊರಬಂತು. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ ಅಂತ ಅದರಲ್ಲಿತ್ತು. ಸತ್ತವರಲ್ಲಿ ಮೂವರಿಗೆ 18 ತುಂಬಿರಲಿಲ್ಲ ಅಂತಲೂ ಇತ್ತು. ಓದಿದ ದಿನ ಆ ಚಪ್ಪಾಳೆ ಸದ್ದು ಕಿವಿಯಲ್ಲೇ ಇತ್ತು. ಆ ನಾಲ್ವರೇ ತಪ್ಪಿತಸ್ಥರಾ ಅಂತ ಯಾವ ಕೋರ್ಟೂ ಸಾಕ್ಷಿ ಕೇಳಿ ತೀರ್ಮಾನಿಸಲಿಲ್ಲ. ಆ ಹೆಣ್ಣುಮಗಳ ಪ್ರಕರಣದ ವಿಚಾರಣೆಯೇ ನಡೆಯಲಿಲ್ಲ.