‘ಓಕೆ’ ಪದದ ಹುಟ್ಟಿನ ಸುತ್ತ

ಚಿತ್ರೀಕರಣದಲ್ಲಿ ನಿರ್ದೇಶಕರು ‘ಶಾಟ್ ಓಕೆ’ ಎಂದರೆ ಆ ದೃಶ್ಯವನ್ನು ಮತ್ತೆ ತೆಗೆಯಬೇಕಾಗಿಲ್ಲ. ಅದೇ ಸಿನಿಮಾ ನೋಡಿ ಬಂದವರು ‘ಓಕೆ ಓಕೆ’ ಎಂದರೆ ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಪೂರ್ಣ ಸಮ್ಮತಿಯನ್ನೂ ಅರೆಮನಸ್ಸಿನ ಒಪ್ಪಿಗೆಯನ್ನೂ ಒಂದೇ ಪದ ಹೊರುತ್ತಿದೆ. ಮೂಲದಲ್ಲಿ ಅದು ‘ಎಲ್ಲವೂ ಸರಿಯಾಗಿದೆ’ ಎಂಬ ಮಾತಿನ ಬೇಕೆಂದೇ ಕೆಡಿಸಿದ ರೂಪವಾಗಿತ್ತು.

1830ರ ದಶಕದ ಕೊನೆಯಲ್ಲಿ ಅಮೆರಿಕದ ಪತ್ರಿಕೆಗಳಿಗೆ, ಪದಗಳ ಕಾಗುಣಿತವನ್ನು ತಮಾಷೆಗೆಂದು ತಪ್ಪಿಸಿ ಅವುಗಳ ಮೊದಲಕ್ಷರಗಳನ್ನಷ್ಟೇ ಅಚ್ಚು ಹಾಕುವ ಗೀಳು ಹತ್ತಿತ್ತು. ‘ಆಲ್ ಕರೆಕ್ಟ್’ ಎಂಬುದನ್ನು ‘ಓಲ್ ಕೊರೆಕ್ಟ್’ ಎಂದು ತಿರುಚಿದರೆ ಉಳಿಯುವುದು ಓ ಮತ್ತು ಕೆ. 1839ರ ಮಾರ್ಚ್ 23ರ ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ನಲ್ಲಿ ಈ ಎರಡಕ್ಷರ ಅರ್ಥದ ಸಮೇತ ಅಚ್ಚಾಯಿತು. ‘ಆಲ್ ರೈಟ್’ಗೆ ಬಳಸುತ್ತಿದ್ದ ‘ಓ.ಡಬ್ಲ್ಯೂ.’ನಂಥ ಜೊತೆಗಾರ ಪದಗಳೆಲ್ಲ ಬೇಗನೆ ಮರೆಯಾದವು.

ಓಕೆ ಉಳಿದದ್ದಕ್ಕೆ ಮರುವರ್ಷದ ಚುನಾವಣೆ ದೊಡ್ಡ ಕಾರಣ. ಮರು ಆಯ್ಕೆ ಬಯಸಿದ್ದ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರನ್ ಅವರ ಊರು ನ್ಯೂಯಾರ್ಕ್ ರಾಜ್ಯದ ಕಿಂಡರ್‌ಹುಕ್. ‘ಓಲ್ಡ್ ಕಿಂಡರ್‌ಹುಕ್’ ಎಂಬ ಅಡ್ಡಹೆಸರಿಗೂ ಅವೇ ಅಕ್ಷರಗಳು ಹೊಂದಿದ್ದರಿಂದ ಬೆಂಬಲಿಗರು ಓ.ಕೆ. ಕ್ಲಬ್ ಕಟ್ಟಿದರು. ಎದುರಾಳಿಗಳು ಸುಮ್ಮನಿರಲಿಲ್ಲ: ಹಿಂದಿನ ಅಧ್ಯಕ್ಷ ಆಂಡ್ರ್ಯೂ ಜ್ಯಾಕ್ಸನ್ ಅವರಿಗೆ ಕಾಗುಣಿತ ಬಾರದೆ, ಕಾಗದಗಳ ಮೇಲೆ ಹೀಗೆ ಬರೆಯುತ್ತಿದ್ದರೆಂಬ ಕತೆಯನ್ನು ಹಬ್ಬಿಸಿದರು. ವ್ಯಾನ್ ಬ್ಯೂರನ್ ಸೋತರು, ಪದ ಗೆದ್ದಿತು.

ಆ ಸುಳ್ಳು ಕತೆ ಬಹುಕಾಲ ನಿಜವೆಂದೇ ಓಡಾಡಿತು. ಪದವು ಚಾಕ್ಟಾ ಮೂಲನಿವಾಸಿಗಳ ನುಡಿಯದೆಂಬ ನಂಬಿಕೆಯಿಂದ ಅಧ್ಯಕ್ಷ ವುಡ್ರೋ ವಿಲ್ಸನ್ ಕಡತಗಳ ಮೇಲೆ ‘ಓಕೇ’ ಎಂದು ಬೇರೆಯೇ ಕಾಗುಣಿತದಲ್ಲಿ ಬರೆಯುತ್ತಿದ್ದರು. ಇಂಥ ಊಹೆಗಳ ನಡುವೆ ಕೊಲಂಬಿಯಾ ವಿಶ್ವವಿದ್ಯಾಲಯದ ಆಲನ್ ವಾಕರ್ ರೀಡ್ ಹಳೆಯ ಪತ್ರಿಕೆಗಳನ್ನು ಜಾಲಾಡಿ, 1963–64ರಲ್ಲಿ ಸರಣಿ ಲೇಖನಗಳ ಮೂಲಕ ಬಾಸ್ಟನ್ನಿನ ಜಾಡನ್ನು ಸಾಧಾರವಾಗಿ ತೋರಿಸಿದರು. ಕೇಳಲು ಸೊಗಸಾದ ಕತೆಯನ್ನು ಬಿಟ್ಟು ಅಚ್ಚಾದ ಸಾಕ್ಷಿಯ ಬೆನ್ನು ಹತ್ತಿದ ಈ ಶ್ರಮಕ್ಕೆ ಪದಚರಿತ್ರೆಯ ಆಸಕ್ತರೆಲ್ಲ ಋಣಿಗಳಾಗಿರಬೇಕು.

ಮುಂದೆ ಟೆಲಿಗ್ರಾಫ್ ನೌಕರರು ಸಂದೇಶ ತಲುಪಿದೆ ಎನ್ನಲು ಇದನ್ನೇ ಬಳಸಿದರು. ಕಂಪ್ಯೂಟರ್ ಪರದೆಯ ಗುಂಡಿಯಾಗಿ ಇದು ಜಗತ್ತಿನೆಲ್ಲೆಡೆ ಹರಡಿತು. ಫೋನ್ ಇಡುವ ಮುನ್ನ ‘ಓಕೆ, ಸರಿ’ ಎಂದು ಎರಡನ್ನೂ ಸೇರಿಸಿ ಹೇಳುವ ಕನ್ನಡಿಗರು ಇದಕ್ಕೆ ಕ್ರಿಯಾಪದವನ್ನೂ ಜೋಡಿಸಿಕೊಂಡಿದ್ದಾರೆ. ‘ಬ್ಯಾಂಕಿನವರು ಸಾಲ ಓಕೆ ಮಾಡಿದ್ದಾರೆ’ ಎನ್ನುವಾಗ ಇರುವುದು, ವಿಲ್ಸನ್ ಕಡತದ ಮೇಲೆ ಬರೆಯುತ್ತಿದ್ದಾಗ ಇದ್ದ ಮಂಜೂರಾತಿಯ ಅರ್ಥವೇ.