‘ದೂರು ಕೊಡ್ತೀನಿ ಮೇಡಂ, ಆದ್ರೆ ಅವರಿಗೆ ಗೊತ್ತಾಗಬಾರದು’

ಈ ಮಾತು ಕೇಳದ ತಿಂಗಳಿಲ್ಲ. ಹೇಳುವವರು ಕಾನೂನು ತಿಳಿಯದವರೂ ಅಲ್ಲ, ಕಪ್ಪು ಕೋಟು ಹಾಕಿದ ವಕೀಲರು. ‘ಎದುರುದಾರರಿಗೆ ನೋಟಿಸ್ ಹೋಗಲೇಬೇಕು’ ಎಂದು ಕಕ್ಷಿದಾರರಿಗೆ ದಿನಾ ಹೇಳುತ್ತಾರೆ. ತಮ್ಮ ಸರದಿ ಬಂದಾಗ ಮಾತ್ರ ಮರೆತೇ ಹೋಗುತ್ತದೆ. ಬೈಯೋಣ ಅನ್ನಿಸುತ್ತದೆ. ಮುಖ ನೋಡಿದರೆ ಮನಸ್ಸು ಬರುವುದಿಲ್ಲ.

ನಾನು ಕೆಲವು ಸಂಸ್ಥೆಗಳ ಆಂತರಿಕ ಸಮಿತಿಗಳಲ್ಲಿ, ಅಂದರೆ ಕೆಲಸದ ಜಾಗದ ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಸಮಿತಿಗಳಲ್ಲಿ, ಹೊರಗಿನ ಸದಸ್ಯೆ. ಇದರ ಜೊತೆಗೆ, ಕಿರುಕುಳ, ತಾರತಮ್ಯ ಅನುಭವಿಸಿದ ಕಿರಿಯ ವಕೀಲರು ಬಂದರೆ ಗುಟ್ಟಾಗಿ ಕೂತು ಕೇಳುತ್ತೇನೆ, ಸಲಹೆ ಕೊಡುತ್ತೇನೆ. ಎರಡೂ ಬೇರೆ ಬೇರೆ ಕೆಲಸ. ಅದಕ್ಕೇ, ನಾನು ಸಮಿತಿಯಲ್ಲಿರುವ ಸಂಸ್ಥೆಯವರಾದರೆ ಮೊದಲೇ ಹೇಳಿಬಿಡಿ, ಬೇರೆಯವರ ಹತ್ತಿರ ಕಳಿಸುತ್ತೇನೆ.

ಸಲಹೆಗೆ ಬಂದವರ ಮಾತು ನನ್ನ ಕೋಣೆ ದಾಟುವುದಿಲ್ಲ. ಕಕ್ಷಿದಾರರು ವಕೀಲರಿಗೆ ಹೇಳಿದ್ದಕ್ಕೆ ಕಾನೂನಿನ ರಕ್ಷಣೆ ಇದೆ. ಮೊದಲು ಸಾಕ್ಷ್ಯ ಅಧಿನಿಯಮದ 126ನೇ ಕಲಂ, ಈಗ 2023ರ ಹೊಸ ಅಧಿನಿಯಮದ 132. ಯಾವ ಸೀನಿಯರ್ ಅಂತಲೂ ನೀವು ಹೇಳಬೇಕಾಗಿಲ್ಲ. ಆದರೆ ನನಗೆ ಹೇಳಿಕೊಂಡರೆ ದೂರು ಕೊಟ್ಟ ಹಾಗಲ್ಲ. ಗಡುವು ಓಡುತ್ತಲೇ ಇರುತ್ತದೆ. ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆ ಕೊಡುವುದು 3 ತಿಂಗಳು. ಪದೇ ಪದೇ ನಡೆದಿದ್ದರೆ ಕೊನೆಯ ಘಟನೆಯಿಂದ ಲೆಕ್ಕ. ಕಾರಣ ಸರಿಯಿದ್ದರೆ ಸಮಿತಿ ಇನ್ನೂ 3 ತಿಂಗಳವರೆಗೆ ಕೊಡಬಹುದು. ಕೊಟ್ಟೇ ಕೊಡುತ್ತದೆ ಅಂತ ಕೂರಬೇಡಿ.

ದೂರು ಕೊಟ್ಟಿರಿ ಅಂತ ಇಟ್ಟುಕೊಳ್ಳಿ. ಅದರ ಪ್ರತಿ 7 ಕೆಲಸದ ದಿನಗಳೊಳಗೆ ಎದುರಿನವರ ಕೈಗೆ ಹೋಗುತ್ತದೆ, ನಿಮ್ಮ ಹೆಸರಿನ ಸಮೇತ. ಯಾರು, ಎಲ್ಲಿ, ಏನು ಅಂತ ತಿಳಿಯದೆ ಅವರು ಉತ್ತರ ಕೊಡುವುದಾದರೂ ಹೇಗೆ? ಮತ್ತೆ ಅದೇ ಕಾಯ್ದೆಯಲ್ಲಿ ಗುಟ್ಟು ಕಾಯುವ 16ನೇ ಕಲಂ ಏನು ಮಾಡುತ್ತದೆ ಅಂತ ಕೇಳುತ್ತೀರಿ. ಅದು ನಿಮ್ಮ ಹೆಸರನ್ನು ಜನರಿಂದ, ಪತ್ರಿಕೆ, ಟಿವಿಯಿಂದ ದೂರ ಇಡುತ್ತದೆ. ಆರೋಪಿಯ ಹೆಸರನ್ನೂ, ಸಾಕ್ಷಿಗಳ ಹೆಸರನ್ನೂ ಕೂಡ. ಸಿಟಿ ಸಿವಿಲ್ ಕೋರ್ಟ್ ಕ್ಯಾಂಟೀನಿನಲ್ಲಿ ಅದು ಚರ್ಚೆಯಾಗಬಾರದು. ವಿಚಾರಣೆ ನಡೆಸುವವರೇ ಬಾಯಿಬಿಟ್ಟರೆ 5,000 ರೂಪಾಯಿ ದಂಡ ಇದೆ. ಆದರೆ ಎದುರಿನವರಿಂದ ಮುಚ್ಚಿಡುವ ಕಲಂ ಯಾವುದೂ ಇಲ್ಲ. ಹುಡುಕಬೇಡಿ.

ಗುರುತು ಸಿಗದ ಹಾಗೆ ಬದಲಿಸಿ ಒಂದು ವಿಷಯ ಹೇಳುತ್ತೇನೆ. ಗಾಂಧಿನಗರದ ಒಂದು ಆಫೀಸಿನ ಜೂನಿಯರ್. ನಡೆದದ್ದನ್ನು ಮೊದಲು ಹೇಳಿದ್ದು ಆಫೀಸಿನ ಕ್ಲರ್ಕ್‌ಗೆ. ಒಳ್ಳೆಯ ಮನುಷ್ಯರೇ, ಆದರೆ ಫೈಲಿಂಗ್ ಕೌಂಟರಿನ ಸಾಲಿನಲ್ಲಿ ಅವರಿಗೂ ಹೊತ್ತು ಹೋಗಬೇಕಲ್ಲ! ಆಮೇಲೆ ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ಎಲ್ಲ ಬರೆದು, ಕೆಳಗೆ ‘ಪ್ಲೀಸ್, ಯಾರಿಗೂ ಹೇಳಬೇಡಿ’ ಅಂತ ಸೇರಿಸಿದ್ದಾಳೆ. ಕೊನೆಗೆ ನನ್ನ ಹತ್ತಿರ ಬಂದು, ‘ಗುಟ್ಟಾಗಿರುತ್ತೆ ಅಲ್ವಾ ಮೇಡಂ?’ ಅಂದಳು. ಕಾಫಿ ತರಿಸಿಕೊಟ್ಟೆ. ಎರಡು ದಾರಿಯನ್ನೂ ಬಿಡಿಸಿ ಹೇಳಿದ ಮೇಲೆ ಸ್ವಲ್ಪ ದಿನ ಯೋಚಿಸಿ, ಹೆಸರು ಹಾಕಿಯೇ ದೂರು ಬರೆದಳು. ಆಮೇಲೆ ಏನಾಯಿತು ಅಂತ ನಾನು ಹೇಳುವ ಹಾಗಿಲ್ಲ.

ಇಬ್ಬರು ಮೂವರು ಜೂನಿಯರ್‌ಗಳಿರುವ ಆಫೀಸಿನಲ್ಲಿ ಆಂತರಿಕ ಸಮಿತಿ ಎಲ್ಲಿರುತ್ತದೆ? 10 ಜನರಿಗಿಂತ ಕಡಿಮೆ ಇದ್ದರೆ, ಅಥವಾ ದೂರು ಮಾಲೀಕರ ಮೇಲೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಸಂಬಳ ಇಲ್ಲದವರನ್ನೂ ತರಬೇತಿಯಲ್ಲಿರುವವರನ್ನೂ ಕಾಯ್ದೆ ಉದ್ಯೋಗಿ ಎಂದೇ ನೋಡುತ್ತದೆ. ಆದರೂ ಸೀನಿಯರ್ ಮಾಲೀಕರಾಗುತ್ತಾರಾ ಅಂತ ಎದುರಿನವರು ತಕರಾರು ತೆಗೆಯಬಹುದು. ವಕೀಲರು ವಕೀಲರ ಪರಿಷತ್ತಿನ ಉದ್ಯೋಗಿಗಳಲ್ಲ, ಹಾಗಾಗಿ ಅವರ ಮೇಲಿನ ದೂರಿಗೆ ಪರಿಷತ್ತು ಈ ಕಾಯ್ದೆಯಡಿ ಸಮಿತಿ ಮಾಡಬೇಕಿಲ್ಲ ಎಂದು ಬಾಂಬೆ ಹೈಕೋರ್ಟ್ 2025ರಲ್ಲಿ ಹೇಳಿದೆ. ವೃತ್ತಿ ದುರ್ನಡತೆಗೆ 1961ರ ವಕೀಲರ ಕಾಯ್ದೆಯ 35ನೇ ಕಲಂ ಇದ್ದೇ ಇದೆ. ನಿಮಗೆ ಯಾವುದು ಸರಿ ಅಂತ ಕಾಗದ ನೋಡದೆ ಹೇಳಲಾರೆ.

ತಾರತಮ್ಯದ ಕಥೆ ಇನ್ನೂ ಕಷ್ಟ. ‘ನಿಮ್ಮ ಮನೆದೇವರು ಯಾವುದು?’ ಅಂತ ನಯವಾಗಿ ಕೇಳಿ ಜಾತಿ ತಿಳಿದುಕೊಳ್ಳುತ್ತಾರೆ, ಮಾರನೇ ದಿನದಿಂದ ಊಟದ ಜಾಗ ಬದಲಾಗುತ್ತದೆ. ಹುಡುಗಿ ಅನ್ನುವ ಒಂದೇ ಕಾರಣಕ್ಕೆ ನ್ಯಾಯದೇಗುಲ ಕಟ್ಟಡದ ಫ್ಯಾಮಿಲಿ ಕೋರ್ಟ್ ಕೇಸುಗಳನ್ನೇ ಕೊಡುತ್ತಾರೆ. ಪರಿಶಿಷ್ಟರನ್ನು ಜನರ ಎದುರು ಜಾತಿ ಹಿಡಿದು ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ, ಪೊಲೀಸರಿಗೆ ದೂರು ಕೊಡಬಹುದು. ಉಳಿದ ಎಷ್ಟೋ ವಿಷಯಕ್ಕೆ ಹೊಂದುವ ಕಲಂ ಸಿಗುವುದಿಲ್ಲ. ಆದರೂ ಬನ್ನಿ. ಆಫೀಸು ಬಿಡುವುದಾದರೆ ಯಾವಾಗ, ಬಾಕಿ ಹಣ ಕೇಳುವುದು ಹೇಗೆ ಅಂತ ಕೂತು ಯೋಚಿಸಬಹುದು. ಹುಡುಗರೂ ಬರಬಹುದು. 2013ರ ಕಾಯ್ದೆಯಲ್ಲಿ ದೂರು ಕೊಡಲು ಅವರಿಗೆ ಅವಕಾಶವಿಲ್ಲ, ನನ್ನ ಹತ್ತಿರ ಮಾತಾಡಲು ಇದೆ.

ಬರುವಾಗ ತಾರೀಕು, ಜಾಗ, ಅಲ್ಲಿ ಯಾರಿದ್ದರು ಅಂತ ಬರೆದುಕೊಂಡು ಬನ್ನಿ. ಮೆಸೇಜ್ ಅಳಿಸಬೇಡಿ. ಆಫೀಸಿನ ಕಂಪ್ಯೂಟರಿನಿಂದ ಮೇಲ್ ಮಾಡಬೇಡಿ. ಹಾಗೇ, ಕೋರ್ಟ್ ಕಾರಿಡಾರಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿ ‘ಒಂದೇ ನಿಮಿಷ ಮೇಡಂ’ ಅನ್ನಬೇಡಿ, ನಿಮ್ಮ ಸೀನಿಯರ್ ಅಲ್ಲೇ ಹಿಂದೆ ಬರುತ್ತಿರುತ್ತಾರೆ.